ಸೈಕಲ್ ನಿಂತಿತು, ಪ್ರಯಾಣ ನಿಲ್ಲಲಿಲ್ಲ

ಐರ್ಲೆಂಡಿನ ಬಾಲಕಿ ಡೆರ್ವ್ಲಾ ಮರ್ಫಿಗೆ ಹತ್ತನೇ ಹುಟ್ಟುಹಬ್ಬಕ್ಕೆ ಸಿಕ್ಕ ಉಡುಗೊರೆಗಳು ಎರಡು: ಒಂದು ಹಳೆಯ ಸೈಕಲ್, ಒಂದು ಭೂಪಟಗಳ ಪುಸ್ತಕ. ಸೈಕಲ್ ತುಳಿದೇ ಭಾರತಕ್ಕೆ ಹೋಗಬೇಕೆಂದು ಆಕೆ ಆಗಲೇ ನಿಶ್ಚಯಿಸಿದಳು.

ಆ ಆಸೆ ಕೈಗೂಡಿದ್ದು 1963ರಲ್ಲಿ, 31ರ ವಯಸ್ಸಿನಲ್ಲಿ. ದಾರಿಯಲ್ಲಿ ಅಫ್ಘಾನಿಸ್ತಾನದ ಬಸ್ಸೊಂದರಲ್ಲಿ ಜಗಳವೆದ್ದು, ಬಂದೂಕಿನ ಹಿಡಿ ಬಡಿದು ಅವರ ಪಕ್ಕೆಲುಬುಗಳು ಮುರಿದವು. ಕೆಲಕಾಲ ಸುಧಾರಿಸಿಕೊಂಡು ಮತ್ತೆ ಹೊರಟ ಮರ್ಫಿ ದೆಹಲಿ ತಲುಪಿದರು.

2002ರಲ್ಲಿ, 70ರ ವಯಸ್ಸಿನಲ್ಲಿ, ರಷ್ಯಾದ ಪೂರ್ವ ಅಂಚಿನ ಉಸ್ಸುರಿ ಪ್ರದೇಶವನ್ನು ಸೈಕಲ್ ಮೇಲೆ ಸುತ್ತಲು ಹೊರಟರು. ಅಲ್ಲಿಗೆ ಮುಟ್ಟುವ ಮೊದಲೇ ಕಾಲಿಗೆ ಪೆಟ್ಟಾಯಿತು. ಪಕ್ಕೆಲುಬಿನ ನೋವನ್ನು ಹೇಗೋ ಸಹಿಸಿಕೊಳ್ಳಬಹುದಿತ್ತು. ಕಾಲೇ ಕೈಕೊಟ್ಟರೆ ಪೆಡಲ್ ತುಳಿಯುವುದೆಂತು?

ಅವರು ಹಟ ಹಿಡಿಯಲಿಲ್ಲ, ಮನೆಗೂ ಮರಳಲಿಲ್ಲ. ಉಸ್ಸುರಿಯನ್ನು ಕೈಬಿಟ್ಟು, ರೈಲು, ಬಸ್ಸು, ದೋಣಿಗಳನ್ನೇರಿ ಸೈಬೀರಿಯ ಸುತ್ತಿದರು. ಸೈಕಲ್ ಇಲ್ಲದ ಪ್ರವಾಸ ಅವರಿಗೆ ಹೊಸದೇನೂ ಅಲ್ಲ. ಎಪ್ಪತ್ತರ ದಶಕದಲ್ಲಿ ಪುಟ್ಟ ಮಗಳೊಡನೆ ನಮ್ಮ ಕೊಡಗಿಗೂ ಬಂದು ಉಳಿದಿದ್ದರು.

2005ರಲ್ಲಿ ಬಂದ ಅವರ ಪುಸ್ತಕ ‘ಥ್ರೂ ಸೈಬೀರಿಯ ಬೈ ಆಕ್ಸಿಡೆಂಟ್’. ಆ ಕೊನೆಯ ಪದಕ್ಕೆ ಅಪಘಾತವೆಂಬ ಅರ್ಥವೂ ಉಂಟು, ಆಕಸ್ಮಿಕವೆಂಬ ಅರ್ಥವೂ ಉಂಟು. ಆಕಸ್ಮಿಕವಾಗಿ ಕಂಡ ಆ ನಾಡು ಎಷ್ಟು ಹಿಡಿಸಿತೆಂದರೆ, ಮುಂದೊಂದು ಚಳಿಗಾಲದಲ್ಲಿ ಬೇಕೆಂದೇ ಮತ್ತೆ ಅಲ್ಲಿಗೆ ಹೋದರು. 2022ರಲ್ಲಿ ತೀರಿಕೊಂಡಾಗ ಅವರಿಗೆ 90 ವರ್ಷ.

ಪೆಟ್ಟಾಗಿ ಪ್ರವಾಸವೋ ಪಂದ್ಯವೋ ತಪ್ಪಿದಾಗ ‘ಎಲ್ಲ ಮುಗಿಯಿತು’ ಎಂದು ಮಕ್ಕಳು ಕೊರಗುವುದು ಸಹಜ. ಆಗ ಪಾಲಕರೂ ಜೊತೆಗೆ ಕುಳಿತು ಯೋಚಿಸಬೇಕಾದದ್ದು ಇಷ್ಟೇ: ನಿಜಕ್ಕೂ ಬೇಕಿದ್ದದ್ದು ಸೈಕಲ್ ಸವಾರಿಯೋ, ನಾಡು ನೋಡುವುದೋ?