ಹಗುರ ಟ್ರೇಲರು, ಭಾರದ ಹೇರು: ಕೊಳ್ಳುವ ಮುನ್ನ ಯೋಚಿಸಿರಿ

ಕಬ್ಬು ಕಡಿಯುವ ಕಾಲ ಬಂದಿತೆಂದರೆ ಮಂಡ್ಯ ಸೀಮೆಯ ನಾಲೆ ಏರಿಗಳ ಮೇಲೆ ಟ್ರ್ಯಾಕ್ಟರುಗಳ ಸಾಲು ಕಾಣುತ್ತದೆ. ಟ್ರ್ಯಾಕ್ಟರ್ ಕೊಳ್ಳುವಾಗ ನಾಲ್ಕು ಊರು ತಿರುಗಿ ವಿಚಾರಿಸುವ ರೈತರು, ಅದರ ಹಿಂದೆ ಕಟ್ಟುವ ಟ್ರೇಲರನ್ನು ಮಾತ್ರ ಅಗ್ಗಕ್ಕೆ ಸಿಕ್ಕಲ್ಲಿ ತಂದುಬಿಡುತ್ತಾರೆ. ಆದರೆ ಹೇರನ್ನು ಹೊರುವುದು ಟ್ರೇಲರೇ ಎಂಬುದನ್ನು ಮರೆಯಬಾರದು.

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಹೋಬಳಿಯಲ್ಲಿ ರೈತರೊಬ್ಬರು ಹಗುರವಾದ ಮಟ್ಟಹಾಸಿನ ಟ್ರೇಲರ್ ಮಾಡಿಸಿದರು. ಮಾಡಿದವರು ಕಬ್ಬಿಣ ಉಳಿಸಿದ್ದು ಮೂಕಿಯಲ್ಲಿ. ತುಂಬಿದ ಹೇರಿನೊಡನೆ ನಾಲೆ ಸೇತುವೆಯ ಏರು ಹತ್ತುವಾಗ ಮೂಕಿ ಮುರಿದು ಟ್ರೇಲರು ಹಿಂದಕ್ಕೆ ಉರುಳಿತು. ಹಿಂದೆ ನಡೆದು ಬರುತ್ತಿದ್ದ ಆಳುಗಳು ಪಕ್ಕಕ್ಕೆ ಹಾರಿ ಬದುಕಿದರು. ಒಬ್ಬನ ಕಾಲು ಮುರಿಯಿತು. ಹಗುರವಾಗಿರಲೆಂದು ಬಯಸಿದ್ದು ತಪ್ಪಲ್ಲ, ಹಗುರ ಮಾಡಿದ ಜಾಗ ತಪ್ಪು.

ಹಗುರದಿಂದ ಏನು ಲಾಭ?

ನೋಂದಣಿ ಪತ್ರದಲ್ಲಿ ಬರೆದಿರುವ ಒಟ್ಟು ಭಾರದಲ್ಲಿ ಟ್ರೇಲರಿನ ಸ್ವಂತ ತೂಕವೂ ಸೇರಿರುತ್ತದೆ. ಉದಾಹರಣೆಗೆ, ಒಟ್ಟು ಭಾರ 6 ಟನ್ ಎಂದಿಟ್ಟುಕೊಳ್ಳಿ. ಟ್ರೇಲರಿನ ತೂಕ 1.8 ಟನ್ ಇದ್ದರೆ ಹೇರಬಹುದಾದದ್ದು 4.2 ಟನ್, ತೂಕ 1.4 ಟನ್ ಇದ್ದರೆ 4.6 ಟನ್. ಎಕರೆಗೆ 40 ಟನ್ ಕಬ್ಬು ಎಂದು ಹಿಡಿದರೆ ಮೊದಲನೆಯದಕ್ಕೆ 10 ಸುತ್ತು, ಎರಡನೆಯದಕ್ಕೆ 9 ಸುತ್ತು ಬೇಕು. ಒಂದು ಸುತ್ತಿನ ಡೀಸೆಲ್, ಒಂದು ಸುತ್ತಿನ ಕಾಲ ಉಳಿದಂತಾಯಿತು. ಬರಿದಾಗಿ ಹಿಂದಿರುಗುವಾಗಿನ ಉಳಿತಾಯ ಬೇರೆ.

ಎಲ್ಲಿ ಕಳೆಯಬಹುದು, ಎಲ್ಲಿ ಕೂಡದು?

ಒಂದು ಚದರ ಮೀಟರ್ ವಿಸ್ತಾರದ, ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಸುಮಾರು 7.85 ಕಿಲೋ ತೂಗುತ್ತದೆ. 3 ಮೀಟರ್ ಉದ್ದ, 2 ಮೀಟರ್ ಅಗಲದ ಹಾಸಿಗೆ 5 ಮಿ.ಮೀ. ತಗಡಿನ ಬದಲು 3 ಮಿ.ಮೀ. ತಗಡು ಹಾಕಿದರೆ ಸುಮಾರು 94 ಕಿಲೋ ಕಡಿಮೆಯಾಗುತ್ತದೆ. ಆದರೆ ತಗಡು ತೆಳುವಾದಂತೆ ಕೆಳಗಿನ ಅಡ್ಡಪಟ್ಟಿಗಳು ಹತ್ತಿರ ಹತ್ತಿರ ಇರಬೇಕು. ಇಲ್ಲವಾದರೆ ಹಾಸು ತಗ್ಗು ಬೀಳುತ್ತದೆ. ಕಬ್ಬಿಗೆ ಗೋಡೆಯಂಥ ಪಕ್ಕದ ಹಲಗೆಗಳು ಬೇಕಿಲ್ಲ, ಗೂಟಗಳು ಸಾಕು. ಗೊಬ್ಬರ, ಮಣ್ಣು ಸಾಗಿಸುವಾಗ ಮಾತ್ರ ಹಾಕಿ ತೆಗೆಯುವ ಹಲಗೆಗಳಿದ್ದರೆ ಅಲ್ಲಿಯೂ ಭಾರ ಉಳಿಯುತ್ತದೆ.

ಅಚ್ಚು, ಗಾಲಿ, ಮೂಕಿ, ಉದ್ದದ ಎರಡು ಚಾಸಿ ಪಟ್ಟಿಗಳು, ಇವುಗಳಲ್ಲಿ ಜಿಪುಣತನ ಕೂಡದು. ಮನೆಯ ತೊಲೆಯನ್ನು ಮಲಗಿಸಿದರೆ ಬಾಗುತ್ತದೆ, ನಿಲ್ಲಿಸಿದರೆ ತಡೆಯುತ್ತದೆ. ಚಾಸಿಯೂ ಹಾಗೆಯೇ. ಪಟ್ಟಿಯ ದಪ್ಪಕ್ಕಿಂತ ಅದರ ಎತ್ತರವನ್ನು ನೋಡಿರಿ. ಎತ್ತರದ ಪಟ್ಟಿ ಕಡಿಮೆ ತೂಕದಲ್ಲಿಯೇ ಹೆಚ್ಚು ಭಾರ ತಾಳುತ್ತದೆ. ಮೂಕಿ ಚಾಸಿಗೆ ಸೇರುವಲ್ಲಿ ಬೆಸುಗೆಯನ್ನು ಕಣ್ಣಿಟ್ಟು ಪರೀಕ್ಷಿಸಿರಿ.

ಎರಡು ಗಾಲಿಯೋ, ನಾಲ್ಕು ಗಾಲಿಯೋ?

ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ. ಎರಡು ಗಾಲಿಯ ಟ್ರೇಲರಿನಲ್ಲಿ ಹೇರು ಅಚ್ಚಿನಿಂದ ಸ್ವಲ್ಪ ಮುಂದಕ್ಕೆ ಬಿದ್ದರೆ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳಿಗೆ ನೆಲದ ಹಿಡಿತ ಹೆಚ್ಚುತ್ತದೆ. ಹಸಿ ಗದ್ದೆಯಿಂದ ಹೊರಬರಲು ಇದು ಒಳ್ಳೆಯದು. ಅತಿಯಾದರೆ ಏರಿನಲ್ಲಿ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಮೇಲೇಳುತ್ತವೆ. ನಾಲ್ಕು ಗಾಲಿಯದು ತನ್ನ ಹೇರನ್ನು ತಾನೇ ಹೊರುತ್ತದೆ. ದೂರದ ಡಾಂಬರು ರಸ್ತೆಗೆ ಅನುಕೂಲ, ಆದರೆ ಸ್ವಂತ ತೂಕ ಹೆಚ್ಚು. ಯಾವುದೇ ಆಗಲಿ, ಟ್ರೇಲರನ್ನು ಕೆಳಗಿನ ಎಳೆಪಟ್ಟಿಗೇ ಸಿಕ್ಕಿಸಬೇಕು.

ಏರು, ಇಳಿಜಾರು

ಹತ್ತು ಅಡಿ ಸಾಗಿದರೆ ಒಂದಡಿ ಏರುವ ದಾರಿಯಲ್ಲಿ 6 ಟನ್ನಿನ ಟ್ರೇಲರು ಸುಮಾರು 600 ಕಿಲೋ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಇಳಿಜಾರಿನಲ್ಲಿ ಅದೇ ಬಲ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತದೆ. ಆದ್ದರಿಂದ ಬ್ರೇಕ್ ಇರುವ ಟ್ರೇಲರನ್ನೇ ಆರಿಸುವುದು ಲೇಸು. ರಸ್ತೆಗೆ ಇಳಿಯುವ ಮುನ್ನ ಟ್ರ್ಯಾಕ್ಟರಿನ ಎರಡು ಬ್ರೇಕ್ ಪೆಡಲುಗಳನ್ನು ಚಿಲಕದಿಂದ ಜೋಡಿಸಿರಿ. ಇಳಿಜಾರಿನಲ್ಲಿ ಕೆಳ ಗೇರಿನಲ್ಲೇ ಸಾಗಿರಿ, ನ್ಯೂಟ್ರಲ್ ಮಾಡಲೇಕೂಡದು.

ಕೊಳ್ಳುವ ದಿನ

ಬಾಯಿಮಾತಿನ ತೂಕವನ್ನು ನಂಬದೆ ಬರಿ ಟ್ರೇಲರನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗಿಸಿರಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಭಾರದ ಮಿತಿಯನ್ನು ಓದಿರಿ. ಎಳೆಯುವ ಕೀಲಿಗೆ ತಡೆಪಿನ್ನು, ಜೊತೆಗೆ ಒಂದು ಸರಪಳಿ ಇರಲಿ. ಹಿಂಬದಿಯಲ್ಲಿ ಕೆಂಪು ರಿಫ್ಲೆಕ್ಟರು, ದೀಪ ಇರಲೇಬೇಕು; ಕಬ್ಬಿನ ಸೋಗೆ ಅವನ್ನು ಮುಚ್ಚದಂತೆ ನೋಡಿಕೊಳ್ಳಿರಿ. ಕಬ್ಬಿನ ರಸ ಮತ್ತು ಗೊಬ್ಬರ ತೆಳು ತಗಡನ್ನು ಬೇಗ ತಿನ್ನುತ್ತವೆ. ಕೆಲಸ ಮುಗಿದ ಮೇಲೆ ತೊಳೆದು, ವರ್ಷಕ್ಕೊಮ್ಮೆ ಬಣ್ಣ ಬಳಿದರೆ ಬಾಳಿಕೆ ಬರುತ್ತದೆ.

ಕೊನೆಯದಾಗಿ ಒಂದು ಮಾತು. ಹಗುರ ಟ್ರೇಲರಿನಿಂದ ಉಳಿದ 400 ಕಿಲೋದ ಜಾಗದಲ್ಲಿ 1000 ಕಿಲೋ ತುಂಬಿದರೆ ಲಾಭವೆಲ್ಲ ಮಣ್ಣುಪಾಲು. ನೋಂದಣಿಯ ಮಿತಿ ಮೀರಿ ಹೇರುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ದಂಡವಿದೆ. ಆದರೆ ದಂಡವನ್ನು ಕಟ್ಟಿ ಮುಗಿಸಬಹುದು; ಮುರಿದ ಕಾಲನ್ನು ಮೊದಲಿನಂತೆ ಮಾಡುವುದು ಕಷ್ಟ. ಹಾಸಿಗೆ ಇದ್ದಷ್ಟೇ ಕಾಲು ಚಾಚಿರೆಂದು ಹಿರಿಯರು ಹೇಳಿದ್ದು ಟ್ರೇಲರಿನ ಹಾಸಿಗೂ ಸಲ್ಲುತ್ತದೆ.