ರಾತ್ರಿ ತುರಿಕೆ, ಬೆಳಗಿನ ಪರೀಕ್ಷೆ

ಹಗಲೆಲ್ಲ ಚೆನ್ನಾಗಿ ಆಡಿಕೊಂಡಿದ್ದ ಮಗು ರಾತ್ರಿ ಮಲಗಿದ ಮೇಲೆ ಕುಂಡಿ ಕೆರೆದುಕೊಳ್ಳುತ್ತದೆ, ನಿದ್ದೆಗೆಟ್ಟು ಅಳುತ್ತದೆ. ‘ಬೆಲ್ಲ ತಿಂದೂ ತಿಂದೂ ಹುಳ ಆಗಿದೆ’ ಎಂದು ಅಜ್ಜಿ ಗದರುತ್ತಾರೆ. ಹುಳದ ಅನುಮಾನ ಸರಿಯಿರಬಹುದು. ಬೆಲ್ಲದ ಮೇಲಿನ ದೂರು ಮಾತ್ರ ಸುಳ್ಳು. ಹುಳ ಬರುವುದು ಮೊಟ್ಟೆ ಬಾಯಿಗೆ ಹೋಗುವುದರಿಂದ.

ಈ ಹುಳದ ಹೆಸರು ಪಿನ್‌ವರ್ಮ್. ನೋಡಲು ಬಿಳಿ ದಾರದ ತುಣುಕಿನಂತೆ. ಹೆಣ್ಣುಹುಳ ಸುಮಾರು ಒಂದು ಸೆಂಟಿಮೀಟರ್ ಉದ್ದ.

ಹುಳದ ದಿನಚರಿ

ನುಂಗಿದ ಮೊಟ್ಟೆ ಸಣ್ಣ ಕರುಳಿನಲ್ಲಿ ಒಡೆಯುತ್ತದೆ; ಮರಿ ದೊಡ್ಡ ಕರುಳಿಗಿಳಿದು ಬಲಿಯುತ್ತದೆ. ಒಂದು ತಿಂಗಳೋ ಇನ್ನೂ ಸ್ವಲ್ಪ ಹೆಚ್ಚೋ ಕಳೆದ ಮೇಲೆ ಹೆಣ್ಣುಹುಳ ರಾತ್ರಿ ಹೊತ್ತು ಗುದದ್ವಾರದಿಂದ ಹೊರಬಂದು ಸುತ್ತಲಿನ ಚರ್ಮದ ಮೇಲೆ 10,000ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ತುರಿಕೆ ಅದರಿಂದಲೇ. ನಾಲ್ಕರಿಂದ ಆರು ಗಂಟೆಯೊಳಗೆ ಆ ಮೊಟ್ಟೆಗಳು ಸೋಂಕು ತಗುಲಿಸಲು ಸಿದ್ಧ. ಕೆರೆದ ಉಗುರಿನಿಂದ ಬಾಯಿಗೆ, ಹಾಸಿಗೆಗೆ, ಆಟಿಕೆಗೆ, ಮನೆಯವರ ಕೈಗೆ ಹೋಗುತ್ತವೆ. ತಂಪು, ತೇವ ಇದ್ದಲ್ಲಿ ಎರಡು ಮೂರು ವಾರ ಉಳಿಯುತ್ತವೆ. ನಾಯಿ, ಬೆಕ್ಕಿನಿಂದ ಇದು ಹರಡುವುದಿಲ್ಲ.

ಪತ್ತೆ

ಮೊಟ್ಟೆ ಇರುವುದು ಹೊರಗಿನ ಚರ್ಮದ ಮೇಲಾದ್ದರಿಂದ ಮಲಪರೀಕ್ಷೆಯಲ್ಲಿ ಬಹಳ ಸಲ ಏನೂ ಕಾಣುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ, ಕಕ್ಕಸಿಗೆ ಹೋಗುವ ಮತ್ತು ಸ್ನಾನ ಮಾಡುವ ಮೊದಲು, ಪಾರದರ್ಶಕ ಅಂಟುಪಟ್ಟಿಯನ್ನು ಗುದದ ಸುತ್ತ ಒತ್ತಿ ತೆಗೆದು ಗಾಜಿನ ಸ್ಲೈಡಿಗೆ ಅಂಟಿಸಿ ಲ್ಯಾಬಿಗೆ ಕೊಡಬೇಕು. ಒಂದೇ ದಿನದ ಪರೀಕ್ಷೆಯಲ್ಲಿ ತಪ್ಪಿಹೋಗಬಹುದು. ಸತತ ಮೂರು ಬೆಳಿಗ್ಗೆ ಮಾಡಿದರೆ ಹೆಚ್ಚುಕಡಿಮೆ ಸಿಕ್ಕೇ ಸಿಗುತ್ತದೆ. ಮಗು ಮಲಗಿ ಎರಡು ಮೂರು ಗಂಟೆಯಾದ ಮೇಲೆ ಟಾರ್ಚ್ ಹಿಡಿದು ನೋಡಿದರೆ ಹುಳವೇ ಕಾಣಬಹುದು. ಹೆಣ್ಣುಮಕ್ಕಳಲ್ಲಿ ಅದು ಮುಂದಕ್ಕೆ ಹರಿದು ಯೋನಿಯ ಬಳಿಯೂ ತುರಿಕೆ ತರುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವುದೊಂದನ್ನೇ ನೆಚ್ಚಿ ಹುಳ ಎಂದು ತೀರ್ಮಾನಿಸುವಂತಿಲ್ಲ.

ಚಿಕಿತ್ಸೆ

ಆಲ್ಬೆಂಡಜೋಲ್, ಮೆಬೆಂಡಜೋಲ್, ಪೈರಾಂಟೆಲ್ ಇದಕ್ಕೆ ಔಷಧಿಗಳು. ದೊಡ್ಡವರಿಗೂ ಎರಡು ವರ್ಷ ದಾಟಿದ ಮಕ್ಕಳಿಗೂ ಸಾಮಾನ್ಯವಾಗಿ ಆಲ್ಬೆಂಡಜೋಲ್ 400 ಮಿಲಿಗ್ರಾಂ ಒಂದು ಡೋಸ್. ಔಷಧಿ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಹಾಗಾಗಿ ಎರಡು ವಾರಕ್ಕೆ ಇನ್ನೊಂದು ಡೋಸ್ ಕಡ್ಡಾಯ. ಮನೆಯವರೆಲ್ಲ ಒಂದೇ ದಿನ ತೆಗೆದುಕೊಳ್ಳುವುದು ಒಳ್ಳೆಯದು. ಗರ್ಭಿಣಿಯರಿಗೆ, ಎರಡು ವರ್ಷದೊಳಗಿನ ಮಕ್ಕಳಿಗೆ ವೈದ್ಯರನ್ನು ಕೇಳದೆ ಕೊಡಬಾರದು.

‘ಶಾಲೆಯಲ್ಲಿ ಮಾತ್ರೆ ಕೊಟ್ಟಿದ್ದಾರಲ್ಲ’ ಎನ್ನುವವರಿದ್ದಾರೆ. 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಗುರಿ ಮುಖ್ಯವಾಗಿ ಮಣ್ಣಿನಿಂದ ಹರಡುವ ಹುಳಗಳು. ಮಾತ್ರೆ ಅದೇ ಆಲ್ಬೆಂಡಜೋಲ್ ಆದರೂ, ಮಗುವೊಂದೇ ಒಮ್ಮೆ ನುಂಗಿದರೆ ಮನೆಯೊಳಗೇ ಸುತ್ತುವ ಪಿನ್‌ವರ್ಮ್ ನಿಲ್ಲುವುದಿಲ್ಲ.

ಎರಡು ಡೋಸ್‌ಗಳ ನಡುವಿನ ವಾರಗಳಲ್ಲಿ ಬೆಳಿಗ್ಗೆಯೇ ಸ್ನಾನ ಮಾಡಿಸಿ, ಒಳಉಡುಪು ದಿನವೂ ಬದಲಿಸಿ, ಉಗುರು ಕತ್ತರಿಸಿ. ಊಟಕ್ಕೆ ಮೊದಲು, ಕಕ್ಕಸಿಗೆ ಹೋಗಿಬಂದ ಮೇಲೆ ಸೋಪು ಹಾಕಿ ಕೈ ತೊಳೆಸಿ. ಹಾಸಿಗೆ ಬಟ್ಟೆಯನ್ನು ಕೊಡವದೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಇಷ್ಟಾದರೂ ತುರಿಕೆ ಮರುಕಳಿಸಿದರೆ ಔಷಧಿ ಸೋತಿತೆಂದುಕೊಳ್ಳಬೇಡಿ; ಬಹುಪಾಲು ಅದು ಹೊಸದಾಗಿ ತಗುಲಿದ ಸೋಂಕು. ವೈದ್ಯರನ್ನು ಕಂಡು, ಈ ಬಾರಿ ಮನೆಮಂದಿಯನ್ನೆಲ್ಲ ಸೇರಿಸಿ ಮತ್ತೆ ಮೊದಲಿನಿಂದ ಶುರುಮಾಡಿ.