ಹೂಬಿಡುವ ಕಳ್ಳಿಗಳು: ತಪ್ಪು ಕಲ್ಪನೆ ಮತ್ತು ಸತ್ಯ

ಕಳ್ಳಿಯೆಂದೊಡನೆ ಉರಿಬಿಸಿಲು, ಮರಳು ಮತ್ತು ನೀರಿಲ್ಲದ ನೆಲ ನೆನಪಾಗುವುದರಿಂದ, ಮನೆಯಲ್ಲಿ ಬೆಳೆಸುವ ಎಲ್ಲ ಕಳ್ಳಿಗಳಿಗೂ ಒಂದೇ ಬಗೆಯ ಆರೈಕೆ ಸಾಕೆಂಬ ನಂಬಿಕೆ ಬೇರೂರಿದೆ. ಹೂವಿನ ಆಸೆಯಿಂದ ತಂದ ಗಿಡಗಳು ವರ್ಷಗಟ್ಟಲೆ ಮೊಗ್ಗು ಕಾಣದೆ ಉಳಿಯುವುದಕ್ಕೂ ಕೊಳೆತು ಸಾಯುವುದಕ್ಕೂ ಬಹುಮಟ್ಟಿಗೆ ಈ ನಂಬಿಕೆಯೇ ಕಾರಣ.

ಕರ್ನಾಟಕದ ಅನೇಕ ಮನೆಗಳಲ್ಲಿ ಬ್ರಹ್ಮಕಮಲವೆಂದು ಆರತಿ ಬೆಳಗಿಸಿಕೊಳ್ಳುವ ಗಿಡವನ್ನೇ ನೋಡಬಹುದು. ಹಿಮಾಲಯದ ಎತ್ತರದಲ್ಲಿ ಬೆಳೆಯುವ ಬ್ರಹ್ಮಕಮಲವು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದರೆ, ಕುಂಡಗಳಲ್ಲಿ ರಾತ್ರಿ ಅರಳುವ ಈ ಗಿಡವು ಎಪಿಫಿಲಮ್ ಆಕ್ಸಿಪೆಟಾಲಮ್ ಎಂಬ, ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳಿಂದ ಬಂದ ಕಳ್ಳಿ. ಮುಳ್ಳಿನ ಗಿಡ ಮನೆಗೆ ಶುಭವಲ್ಲವೆಂದು ಕಳ್ಳಿಯನ್ನು ದೂರವಿಡುವವರೂ ಇದನ್ನು ಅಕ್ಕರೆಯಿಂದ ಸಾಕುತ್ತಾರೆ. ತವರಿನಲ್ಲಿ ಇದು ಅಧಿಸಸ್ಯ, ಅಂದರೆ ಮರದ ಆಹಾರವನ್ನು ಹೀರದೆ ಆಸರೆಯನ್ನಷ್ಟೇ ಪಡೆದು, ಕೊಂಬೆಗಳ ಸಂದಿನಲ್ಲಿ ಕೊಳೆತ ತರಗೆಲೆಯಲ್ಲಿ ಬೇರೂರುವ ಸಸ್ಯ. ಆದ್ದರಿಂದ ನಡುಹಗಲಿನ ಬಿಸಿಲಿಗೆ ಇದು ಹಳದಿಗಟ್ಟುತ್ತದೆ, ಸೋಸಿ ಬಂದ ಬೆಳಕು ಮತ್ತು ಎಲೆಗೊಬ್ಬರ ಬೆರೆತ ಸಡಿಲ ಮಣ್ಣಿನಲ್ಲಿ ಹುಲುಸಾಗುತ್ತದೆ. ಇದರ ಎಲೆಯಿಂದಲೇ ಹೂ ಹುಟ್ಟುತ್ತದೆಂಬ ಮಾತೂ ಸರಿಯಲ್ಲ. ಎಲೆಯಂತೆ ಕಾಣುವುದು ಚಪ್ಪಟೆಯಾದ ಕಾಂಡ. ಅದರ ಅಂಚಿನ ಪ್ರತಿ ಕಚ್ಚಿನಲ್ಲಿಯೂ ಏರಿಯೋಲ್ ಎಂಬ ಸೂಕ್ಷ್ಮ ಮೊಗ್ಗಿನ ನೆಲೆಯಿದ್ದು, ಕವಲೂ ಹೂವೂ ಅಲ್ಲಿಂದಲೇ ಹೊರಡುತ್ತವೆ. ಒಂದು ಹೂವಿನ ಆಯುಸ್ಸು ಒಂದೇ ರಾತ್ರಿಯಾದರೂ, ಬಲಿತ ಗಿಡ ಒಂದೇ ಹಂಗಾಮಿನಲ್ಲಿ ಹಲವು ಬಾರಿ ಅರಳಬಲ್ಲದು.

ನೆಲದಲ್ಲಿ ಬೆಳೆಯುವ ಮ್ಯಾಮಿಲೇರಿಯಾ, ರೆಬೂಷಿಯಾದಂಥ ಗುಂಡುಕಳ್ಳಿಗಳಿಗೆ ವಾರಕ್ಕೊಂದು ಚಮಚ ನೀರು ಸಾಕೆಂಬುದು ಇನ್ನೊಂದು ತಪ್ಪು. ಮೇಲ್ಮಣ್ಣನ್ನಷ್ಟೇ ತೋಯಿಸುವ ನೀರು ಬೇರಿಗೆ ತಲುಪದು. ಬೆಳವಣಿಗೆಯ ಕಾಲದಲ್ಲಿ ಕುಂಡದ ತಳದ ತೂತಿನಿಂದ ಹರಿಯುವಷ್ಟು ಹಾಕಿ, ಮಣ್ಣು ಪೂರ್ತಿ ಒಣಗಿದ ಮೇಲೆಯೇ ಮತ್ತೆ ಹಾಕಬೇಕು. ನುಣ್ಣನೆಯ ಮರಳು ಒತ್ತೊತ್ತಾಗಿ ಕೂತು ಗಾಳಿಯನ್ನು ತಡೆಯುವುದರಿಂದ, ಜರಡಿ ಹಿಡಿದ ಇಟ್ಟಿಗೆಚೂರು ಅಥವಾ ದಪ್ಪ ಜಲ್ಲಿಪುಡಿ ಮೇಲು. ಚಳಿಗಾಲದಲ್ಲಿ ಮಾತ್ರ ನೀರನ್ನು ಬಹುತೇಕ ನಿಲ್ಲಿಸಿ ಗಿಡವನ್ನು ತಂಪಾದ, ಬೆಳಕಿರುವೆಡೆ ಇಡಬೇಕು, ಏಕೆಂದರೆ ಮುಂದಿನ ಹೂಗಳಿಗೆ ಆ ವಿಶ್ರಾಂತಿಯೇ ಪ್ರೇರಣೆ. ಆಂಡಿಸ್ ಪರ್ವತಗಳ ರೆಬೂಷಿಯಾ ಸೆಕೆಯ ಕರಾವಳಿಯಲ್ಲಿ ಹೂಬಿಡಲು ಹಿಂಜರಿಯುವುದು ಇದರಿಂದಲೇ.

ಮಾರಾಟದ ಗಿಡದ ನೆತ್ತಿಯಲ್ಲಿ ತಿಂಗಳಾದರೂ ಬಾಡದ ಹೂವಿದ್ದರೆ ಅದರ ಬುಡವನ್ನು ಪರೀಕ್ಷಿಸಬೇಕು: ಹೊಳೆಯುವ ಅಂಟಿನ ಹನಿ ಕಂಡರೆ ಅದು ಒಣಹೂವನ್ನು ಅಂಟಿಸಿದ್ದು, ಮತ್ತು ಆ ಅಂಟು ಗಿಡದ ಬೆಳೆಯುವ ತುದಿಗೇ ಹಾನಿ ಮಾಡಬಹುದು. ಹಸಿರು ಕಾಂಡದ ಮೇಲೆ ಕೂತ ಕೆಂಪು ಚೆಂಡೂ ಹೂವಲ್ಲ. ಪತ್ರಹರಿತ್ತಿಲ್ಲದೆ ತನ್ನ ಆಹಾರವನ್ನು ತಾನೇ ತಯಾರಿಸಲಾರದ ಜಿಮ್ನೋಕ್ಯಾಲಿಸಿಯಮ್ ಕಳ್ಳಿಯನ್ನು ಸಾಮಾನ್ಯವಾಗಿ ಡ್ರ್ಯಾಗನ್‌ಫ್ರೂಟ್ ಜಾತಿಯ ಕಾಂಡಕ್ಕೆ ಕಸಿ ಮಾಡಿರುತ್ತಾರೆ, ಬೇರ್ಪಡಿಸಿ ನೆಟ್ಟರೆ ಅದು ಬದುಕದು.

ಕಳ್ಳಿ ರಾತ್ರಿಯೆಲ್ಲ ಆಮ್ಲಜನಕ ಕೊಡುತ್ತದೆಂಬುದೂ ನಿಜವಲ್ಲ. ನೀರಿನ ಉಳಿತಾಯಕ್ಕಾಗಿ ಅದು ರಾತ್ರಿ ರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಸಂಗ್ರಹಿಸುತ್ತದೆಯಷ್ಟೆ. ಆಮ್ಲಜನಕ ಹುಟ್ಟಲು ಬೆಳಕು ಬೇಕೇ ಬೇಕು.

ಆರೈಕೆ ಸರಿಯಿದ್ದರೆ ಯಾವ ಕಳ್ಳಿಯೂ ಬೇಗ ಹೂಬಿಡುತ್ತದೆಂದು ತಿಳಿದು ಚಿನ್ನದ ಬಣ್ಣದ ಮುಳ್ಳಿನ ಗೋಲ್ಡನ್ ಬ್ಯಾರೆಲ್ ಕೊಳ್ಳುವವರು, ಅದು ಹೂವಿಗೆ ಬರಲು ಸಾಮಾನ್ಯವಾಗಿ 15 ವರ್ಷಗಳಿಗೂ ಹೆಚ್ಚು ಕಾಲ ಬೇಕೆಂಬುದನ್ನು ಅರಿತಿರಬೇಕು. ಹೂವೇ ಮುಖ್ಯವಾದವರು ಕೆಲವೇ ವರ್ಷಗಳಲ್ಲಿ ನೆತ್ತಿಯ ಸುತ್ತ ಬಳೆಯಂತೆ ಹೂಬಿಡುವ ಮ್ಯಾಮಿಲೇರಿಯಾದಿಂದ ಆರಂಭಿಸುವುದು ಲೇಸು.